ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಈಗಲೇ ರಕ್ತ ಹೋಗುತ್ತಿದ್ದು, ಹೆದರಿಕೆಯಿಂದ ಇದನ್ನು ತೆರೆದಿದ್ದರೆ ಮೊದಲು ಇಷ್ಟು ಓದಿಕೊಳ್ಳಿ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಾ, ಎರಡು ಗಂಟೆ ಕಳೆದರೂ ಹಾಗೇ ಮುಂದುವರಿದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಎಚ್ಚರ ತಪ್ಪಿದರೆ, ಕೂತಲ್ಲೇ ಎದೆ ಹೊಡೆದುಕೊಂಡು ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಬಸಿರಿರುವ ಸಾಧ್ಯತೆ ಇದ್ದು, ರಕ್ತದ ಜೊತೆ ಕೆಳಹೊಟ್ಟೆಯ ಒಂದು ಪಕ್ಕ ಜೋರಾಗಿ ನೋಯುತ್ತಿದ್ದರೆ ಅಥವಾ ಭುಜದ ತುದಿ ನೋಯುತ್ತಿದ್ದರೆ, ಹೋಗುತ್ತಿರುವ ರಕ್ತ ಸ್ವಲ್ಪವೇ ಆದರೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಒಬ್ಬರೇ ಸ್ಕೂಟರ್ ಹತ್ತಿ ಹೋಗಬೇಡಿ. ಬಾಣಂತಿಯರಿಗೂ ಇದೇ ಮಾತು: ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲೆ ಒಮ್ಮೆಲೇ ಜೋರಾಗಿ ರಕ್ತ ಹೋಗತೊಡಗಿದರೆ ಅದನ್ನು ‘ಮುಟ್ಟು ಬೇಗ ಬಂತು’ ಎಂದುಕೊಂಡು ಸುಮ್ಮನಿರಬೇಡಿ.

ಉಳಿದವರು ನಿಧಾನವಾಗಿ ಓದಬಹುದು.

ಎಷ್ಟು ಹೋದರೆ ‘ಜಾಸ್ತಿ’ ಅಂತ ಲೆಕ್ಕ?

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್ ರಕ್ತ. 80 ದಾಟಿದರೆ ಜಾಸ್ತಿ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಮನೆಯಲ್ಲಿ ಯಾರೂ ಅದನ್ನು ಅಳೆಯುವುದಿಲ್ಲ, ಅಳೆಯುವ ಅಗತ್ಯವೂ ಇಲ್ಲ. ಈಗ ವೈದ್ಯರು ಕೇಳುವುದು ಬೇರೆಯದೇ ಪ್ರಶ್ನೆ: ಈ ರಕ್ತಸ್ರಾವದಿಂದ ನಿಮ್ಮ ದಿನನಿತ್ಯದ ಬದುಕು ಕೆಡುತ್ತಿದೆಯೇ? ಕೆಡುತ್ತಿದ್ದರೆ ಅದು ಜಾಸ್ತಿಯೇ, ಚಿಕಿತ್ಸೆಗೆ ಅಷ್ಟು ಕಾರಣ ಸಾಕು.

ಹಾಗಾಗಿ ನಿಮ್ಮ ಮುಟ್ಟಿನ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದರ ಮೇಲೊಂದು ಎರಡು ಪ್ಯಾಡ್ ಇಡಬೇಕಾಗುತ್ತದೆಯೇ? ಪ್ಯಾಡ್ ಬದಲಿಸಲು ರಾತ್ರಿ ನಿದ್ದೆಯಿಂದ ಏಳಬೇಕೇ? ಹಾಸಿಗೆಯ ಮೇಲೆ ಹಳೆ ಸೀರೆ ಮಡಚಿ ಹಾಸಿಕೊಂಡು ಮಲಗುತ್ತೀರಾ? ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಹೆಪ್ಪುಗಳು ಬೀಳುತ್ತವೆಯೇ? ಏಳು ದಿನ ದಾಟಿದರೂ ನಿಲ್ಲುವುದಿಲ್ಲವೇ? ಬಸ್ಸಿನ ದೂರ ಪ್ರಯಾಣ, ಹೊಲದ ಕೆಲಸ, ಗಾರ್ಮೆಂಟ್ಸ್ ಪಾಳಿ, ಪರೀಕ್ಷೆ ಇವನ್ನೆಲ್ಲ ‘ಆ ದಿನಗಳು’ ನೋಡಿಕೊಂಡೇ ಹೊಂದಿಸುತ್ತೀರಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರ ಹತ್ತಿರ ಮಾತಾಡಲು ಅದು ಸಾಕು.

ಬಟ್ಟೆ ಬಳಸುವವರಿಗೆ ಲೆಕ್ಕ ಸಿಗುವುದು ಕಷ್ಟ. ದಿನಕ್ಕೆ ಎಷ್ಟು ಸಲ ಬದಲಿಸಿದಿರಿ, ಒಳಲಂಗಕ್ಕೆ ಎಷ್ಟು ಸಲ ತಗುಲಿತು ಎಂಬುದನ್ನು ಗಮನಿಸಿ. ಮುಟ್ಟಿನ ಕಪ್ ಬಳಸುವವರಿಗೆ ಇದು ಸುಲಭ. ಹೆಚ್ಚಿನ ಕಪ್‌ಗಳು 25ರಿಂದ 30 ಮಿಲಿಲೀಟರ್ ಹಿಡಿಯುತ್ತವೆ, ಕೆಲವುಗಳ ಮೇಲೆ ಅಳತೆಯ ಗೆರೆಗಳೂ ಇರುತ್ತವೆ.

ನಮ್ಮನೆಯಲ್ಲಿ ಅಮ್ಮನಿಗೂ ಹೀಗೇ, ಅಕ್ಕನಿಗೂ ಹೀಗೇ. ನಮ್ಮ ಮೈಗುಣವೇ ಹೀಗೆ ಅಲ್ಲವೇ?

ಈ ಮಾತು ಕೇಳಿದಾಗ ನಿರಾಳವಾಗುವ ಬದಲು ಇನ್ನಷ್ಟು ವಿಚಾರಿಸಬೇಕು. ಮನೆಯ ಹೆಂಗಸರಿಗೆಲ್ಲ ಹೀಗೇ ಆಗುತ್ತಿದ್ದರೆ ರಕ್ತ ಹೆಪ್ಪುಗಟ್ಟುವುದರಲ್ಲೇ ವಂಶಪಾರಂಪರ್ಯವಾಗಿ ಬಂದ ದೋಷವಿರಬಹುದು.

1924ರಲ್ಲಿ ಫಿನ್‌ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ ಅವರ ಬಳಿಗೆ ಆಲಾಂಡ್ ದ್ವೀಪಗಳಿಂದ ಐದು ವರ್ಷದ ಒಂದು ಹುಡುಗಿಯನ್ನು ಕರೆತಂದರು. ಮೂಗು, ತುಟಿ, ಗಾಯ ಎಲ್ಲಿ ರಕ್ತ ಬಂದರೂ ಅವಳಿಗೆ ಬೇಗ ನಿಲ್ಲುತ್ತಿರಲಿಲ್ಲ. ಅವಳ ಅಕ್ಕತಂಗಿಯರಲ್ಲಿ ಕೆಲವರು ಎಳವೆಯಲ್ಲೇ ರಕ್ತ ಹೋಗಿ ತೀರಿಕೊಂಡಿದ್ದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಎಂಬ ರೋಗ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಈ ಮನೆಯ ತೊಂದರೆ ಹೆಣ್ಣುಮಕ್ಕಳಲ್ಲೂ ಇದೆಯಲ್ಲ ಎಂದು ಹುಡುಕಿದ ಆ ವೈದ್ಯರು 1926ರಲ್ಲಿ ಇದೊಂದು ಬೇರೆಯೇ ರೋಗ ಎಂದು ಬರೆದರು. ಆ ಹುಡುಗಿ ಹದಿಹರೆಯದಲ್ಲಿ, ತನ್ನ ನಾಲ್ಕನೆಯ ಮುಟ್ಟಿನಲ್ಲಿ ರಕ್ತ ಹೋಗಿ ತೀರಿಕೊಂಡಳು. ಇಂದು ಆ ರೋಗಕ್ಕೆ ಆ ವೈದ್ಯರದೇ ಹೆಸರಿದೆ: ಫಾನ್ ವಿಲ್ಲೆಬ್ರಾಂಡ್ ರೋಗ. ವಂಶವಾಹಿಯಾಗಿ ಬರುವ ರಕ್ತಸ್ರಾವದ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಬಹುಪಾಲು ಜನರಲ್ಲಿ ಅದು ಸೌಮ್ಯವಾಗಿಯೇ ಇರುತ್ತದೆ, ಔಷಧಿಯೂ ಇದೆ. ಆದರೆ ‘ನಮ್ಮ ಮನೆತನವೇ ಹೀಗೆ’ ಎಂದುಕೊಂಡವರು ಪರೀಕ್ಷೆಗೆ ಹೋಗುವುದೇ ಇಲ್ಲ.

ನಿಮ್ಮನ್ನೇ ಕೇಳಿಕೊಳ್ಳಿ. ಮೊದಲ ಮುಟ್ಟಿನಿಂದಲೂ ಹೀಗೇ ಇದೆಯೇ? ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆಯೇ? ಮೂಗಿನಿಂದ ಪದೇ ಪದೇ ಸುರಿಯುತ್ತದೆಯೇ? ಪೆಟ್ಟು ಬಿದ್ದ ನೆನಪೇ ಇಲ್ಲದೆ ಮೈಮೇಲೆ ನೀಲಿ ಕಲೆಗಳಾಗುತ್ತವೆಯೇ? ಹಲ್ಲು ಕೀಳಿಸಿದಾಗ, ಹೆರಿಗೆಯಾದಾಗ ರಕ್ತ ನಿಲ್ಲಿಸಲು ಕಷ್ಟಪಟ್ಟಿದ್ದರೇ? ಹೌದು ಎಂದಾದರೆ ವೈದ್ಯರಿಗೆ ಇದನ್ನು ಹೀಗೇ ಹೇಳಿ, ಬಿಡಿಸಿ ಹೇಳಿ. ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿ ಇದರ ಪರೀಕ್ಷೆಗಳಿವೆ. ದಾವಣಗೆರೆಯ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ರಕ್ತಸ್ರಾವದ ತೊಂದರೆ ಇರುವವರಿಗಾಗಿಯೇ ಕೆಲಸ ಮಾಡುತ್ತಿರುವ ಸಂಸ್ಥೆ.

ಮಗಳು ದೊಡ್ಡವಳಾಗಿ ಆರು ತಿಂಗಳಾಯಿತು. ಒಮ್ಮೆ ಶುರುವಾದರೆ ಹದಿನೈದು ದಿನ ಹೋಗುತ್ತದೆ. ಮದುವೆಯಾಗದ ಹುಡುಗಿಯನ್ನು ಹೆರಿಗೆ ಡಾಕ್ಟರ ಹತ್ತಿರ ಕರೆದೊಯ್ಯುವುದು ಹೇಗೆ?

ಧೈರ್ಯವಾಗಿ ಕರೆದೊಯ್ಯಿರಿ. ನಿಮ್ಮ ಭಯ ಒಳಪರೀಕ್ಷೆಯದ್ದಾಗಿದ್ದರೆ, ಇಂಥ ಹುಡುಗಿಯರಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ನೀರು ಕುಡಿಸಿ, ಮೂತ್ರ ತುಂಬಿಕೊಂಡ ಮೇಲೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ಜೊತೆಗೆ ರಕ್ತಪರೀಕ್ಷೆ, ಅಷ್ಟೇ.

ಮೈನೆರೆದ ಮೊದಲ ಎರಡು ಮೂರು ವರ್ಷ ಅಂಡಾಣು ತಿಂಗಳು ತಿಂಗಳೂ ಬಿಡುಗಡೆಯಾಗುವುದಿಲ್ಲ. ಆಗ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ, ಕೊನೆಗೆ ಅಡ್ಡಾದಿಡ್ಡಿಯಾಗಿ ಕಳಚುತ್ತದೆ. ದಿನಗಳು ಏರುಪೇರಾಗುವುದು ಈ ವಯಸ್ಸಿಗೆ ಸಹಜ. ಮುಖ ಬಿಳಿಚಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬಿಟ್ಟು, ಶಾಲೆಯಲ್ಲಿ ಪ್ರತಿ ಪಿರಿಯಡ್‌ಗೂ ಬಾತ್‌ರೂಮಿಗೆ ಓಡುವುದು ಸಹಜವಲ್ಲ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ರಕ್ತ ಹೆಪ್ಪುಗಟ್ಟದ ದೋಷ ಮೊದಲ ಬಾರಿಗೆ ಗೊತ್ತಾಗುವುದೂ ಬಹಳ ಸಲ ಇದೇ ವಯಸ್ಸಿನಲ್ಲಿ. ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂಬ ಮಾತನ್ನು ದಯವಿಟ್ಟು ಪಕ್ಕಕ್ಕಿಡಿ. ಮದುವೆ ಇದಕ್ಕೆ ಔಷಧಿಯಲ್ಲ.

ಹೀಗಾಗಲು ಕಾರಣಗಳೇನು?

ಹಲವು ಇವೆ, ಅವು ವಯಸ್ಸಿನ ಜೊತೆ ಬದಲಾಗುತ್ತವೆ. ಮೂವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುವುದು ಫೈಬ್ರಾಯ್ಡ್ ಗಡ್ಡೆ. ‘ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರೆಲ್ಲ ಕ್ಯಾನ್ಸರ್ ಎಂದೇ ನಡುಗುತ್ತಾರೆ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಇರುವುದು ಅತಿ ವಿರಳ. ಗಾತ್ರಕ್ಕಿಂತ ಅದು ಇರುವ ಜಾಗವೇ ಮುಖ್ಯ. ಗರ್ಭಕೋಶದ ಒಳಗೋಡೆಗೆ ಚಾಚಿಕೊಂಡ ಸಣ್ಣ ಗಡ್ಡೆಯೂ ವಿಪರೀತ ರಕ್ತ ಹರಿಸಬಲ್ಲದು, ಹೊರಗೋಡೆಯಲ್ಲಿ ಕೂತ ದೊಡ್ಡದು ಏನೂ ತೊಂದರೆ ಕೊಡದೆ ಇರಬಹುದು. ಮುಟ್ಟು ನಿಂತ ಮೇಲೆ ಇವು ಸಾಮಾನ್ಯವಾಗಿ ಕುಗ್ಗುತ್ತವೆ.

ಒಳಪದರದಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟು, ಒಳಪದರವೇ ಗರ್ಭಕೋಶದ ಸ್ನಾಯುವಿನೊಳಗೆ ಹೊಕ್ಕು ನೋವಿನ ಜೊತೆ ರಕ್ತ ಹೆಚ್ಚಿಸುವ ಅಡೆನೊಮಯೋಸಿಸ್, ಥೈರಾಯ್ಡ್ ಕೊರತೆ, ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿಸಿಓಎಸ್ ಇವೂ ಕಾರಣಗಳು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳಲ್ಲೂ ಸ್ರಾವ ಹೆಚ್ಚುತ್ತದೆ. ಅಂಥವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿಕೊಂಡ ಮೊದಲ ತಿಂಗಳುಗಳಲ್ಲಿ ಮುಟ್ಟು ಜೋರಾಗುವುದುಂಟು. ಎಷ್ಟೋ ಸಲ, ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. ಕಾರಣ ಸಿಗದಿದ್ದರೂ ಚಿಕಿತ್ಸೆ ಇದೆ.

ಮೈಯಲ್ಲಿ ಉಷ್ಣ ಜಾಸ್ತಿಯಾಗಿ ಹೀಗಾಗುತ್ತದೆಯೇ? ಮೊಸರು, ಎಳನೀರು ಕುಡಿದರೆ ಸಾಕೇ?

ಕುಡಿಯಿರಿ, ತಪ್ಪೇನಿಲ್ಲ. ಆದರೆ ಮೇಲೆ ಹೇಳಿದ ಯಾವ ಕಾರಣವನ್ನೂ ಎಳನೀರು ಸರಿಮಾಡುವುದಿಲ್ಲ. ಎರಡು ಮುಟ್ಟು ಹೀಗೇ ಆದರೆ ಮೂರನೆಯದಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ರಕ್ತ ಕಡಿಮೆ ಇದೆ ಅಂದಿದ್ದಾರೆ. ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದೇನೆ, ಸಾಲದೇ?

ಸಾಲದು. ಬೀಟ್‌ರೂಟಿನ ಬಣ್ಣ ಕೆಂಪು, ಅಷ್ಟೇ. ನೂರು ಗ್ರಾಂನಲ್ಲಿ ಇರುವ ಕಬ್ಬಿಣ ಸುಮಾರು ಒಂದು ಮಿಲಿಗ್ರಾಂ.

ಈ ಲೆಕ್ಕ ಒಮ್ಮೆ ನೋಡಿ. ಎರಡು ಮಿಲಿಲೀಟರ್ ರಕ್ತ ಹೋದರೆ ಅದರ ಜೊತೆ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಮುಟ್ಟಿನಲ್ಲಿ 80 ಮಿಲಿಲೀಟರ್ ಹೋದವರು ಒಂದೇ ತಿಂಗಳಲ್ಲಿ 40 ಮಿಲಿಗ್ರಾಂ ಕಳೆದುಕೊಂಡರು. ಚೆನ್ನಾಗಿ ಉಂಡರೂ ನಮ್ಮ ಕರುಳು ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಅದರಲ್ಲೂ ಒಂದು ಮಿಲಿಗ್ರಾಂನಷ್ಟು ಚರ್ಮ, ಕರುಳಿನ ಮೂಲಕ ದಿನಾ ಹೇಗೂ ಹೋಗುತ್ತದೆ. ಮಿಕ್ಕಿದ್ದರಿಂದ ತಿಂಗಳ ನಷ್ಟ ತುಂಬುವುದು ಹೇಗೆ? ಹೀಗೆ ವರ್ಷಗಟ್ಟಲೆ ಕೊರತೆ ಬೆಳೆಯುತ್ತಾ ಹೋಗುತ್ತದೆ. ನಿಧಾನವಾಗಿ ಬೆಳೆಯುವುದರಿಂದ ಮೈ ಅದಕ್ಕೇ ಒಗ್ಗಿಕೊಂಡುಬಿಡುತ್ತದೆ. ಹಿಮೊಗ್ಲೋಬಿನ್ 6, 7ಕ್ಕೆ ಇಳಿದಿದ್ದರೂ ನೀರು ಹೊತ್ತು, ಮುದ್ದೆ ತೊಳಸಿ, ‘ಸ್ವಲ್ಪ ಸುಸ್ತು ಅಷ್ಟೇ’ ಎನ್ನುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಬಸಿರಿಲ್ಲದ ಹೆಂಗಸಿಗೆ 12 ಇರಬೇಕು, 8ಕ್ಕಿಂತ ಕೆಳಗೆ ಎಂದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ಶೇ. 47.8.

ಸುಸ್ತಿನ ಜೊತೆ ಕೂದಲು ಉದುರುವುದು, ಉಗುರು ಚಪ್ಪಟೆಯಾಗುವುದು, ಕಾಲು ಸೆಳೆತ, ಹಸಿ ಅಕ್ಕಿ, ಬಳಪ, ಮಣ್ಣು ಅಥವಾ ಐಸ್ ತಿನ್ನಬೇಕೆಂಬ ತೀರದ ಆಸೆ ಇವೂ ಕಬ್ಬಿಣದ ಕೊರತೆಯ ಗುರುತುಗಳು. ಅಕ್ಕಿ ಮುಕ್ಕುವ ಸೊಸೆಯನ್ನು ಗದರಿಸಬೇಡಿ, ರಕ್ತಪರೀಕ್ಷೆ ಮಾಡಿಸಿ.

ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರನ್ನು ಕೇಳಿದರೂ ಆಯಿತು. ಕಾಫಿ, ಚಹಾ, ಹಾಲಿನ ಜೊತೆ ನುಂಗಬೇಡಿ, ಆಚೀಚೆ ಒಂದೆರಡು ಗಂಟೆ ಬಿಡಿ. ನಿಂಬೆರಸ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಮಾತ್ರೆ ಎಸೆಯುವ ಬದಲು ಊಟದ ಜೊತೆ ಅಥವಾ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಹಿಮೊಗ್ಲೋಬಿನ್ 12 ಮುಟ್ಟಿದ ದಿನವೇ ನಿಲ್ಲಿಸಬೇಡಿ. ಖಾಲಿಯಾದ ಸಂಗ್ರಹ ತುಂಬಲು ಇನ್ನೂ ಮೂರು ತಿಂಗಳು ಬೇಕು. ತೀರಾ ಕಡಿಮೆಯಿದ್ದರೆ ನರಕ್ಕೆ ಡ್ರಿಪ್ ಮೂಲಕ ಕಬ್ಬಿಣ ಕೊಡುತ್ತಾರೆ. ಹುರುಳಿ, ಹಲಸಂದೆ, ಸೊಪ್ಪು, ತಿನ್ನುವವರಾದರೆ ಲಿವರ್, ಮಾಂಸ, ಮೀನು ಎಲ್ಲ ಊಟದಲ್ಲಿರಲಿ. ಆದರೆ ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದು ಪ್ರಯೋಜನವಿಲ್ಲ. ರಕ್ತಸ್ರಾವಕ್ಕೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು.

ಆಸ್ಪತ್ರೆಗೆ ಹೋದರೆ ಏನೇನು ಮಾಡುತ್ತಾರೆ? ಮುಟ್ಟು ಇರುವಾಗ ಹೋಗಬಹುದೇ?

ಹೋಗಬಹುದು. ಜೋರಾಗಿ ಹೋಗುತ್ತಿರುವಾಗ ‘ನಿಂತ ಮೇಲೆ ಬರೋಣ’ ಎಂದು ಮುಂದೂಡಬೇಡಿ. ಮೊದಲು ರಕ್ತಪರೀಕ್ಷೆ, ಬಸಿರಿನ ಪರೀಕ್ಷೆ, ಅಗತ್ಯ ಕಂಡರೆ ಥೈರಾಯ್ಡ್ ಪರೀಕ್ಷೆ, ನಂತರ ಸ್ಕ್ಯಾನ್. ‘ಬಸಿರಿಲ್ಲ, ನನಗೆ ಗೊತ್ತು’ ಎಂದು ಹೇಳಿದರೂ ಪರೀಕ್ಷೆ ಮಾಡಿದರೆ ಬೇಸರಿಸಬೇಡಿ. ಗರ್ಭಪಾತ, ನಳಿಕೆಯಲ್ಲಿ ನಿಂತ ಗರ್ಭ ಇವೂ ಜೋರು ಮುಟ್ಟಿನಂತೆಯೇ ಕಾಣುತ್ತವೆ. 45 ದಾಟಿದವರಿಗೆ, ಅದಕ್ಕೂ ಮೊದಲೇ ಬೊಜ್ಜು, ಸಕ್ಕರೆ ಕಾಯಿಲೆ, ಪಿಸಿಓಎಸ್ ಇದ್ದು ತಿಂಗಳುಗಟ್ಟಲೆ ಏರುಪೇರಾದವರಿಗೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು. ಗಂಡಹೆಂಡಿರು ಸೇರಿದ ಮೇಲೆ ರಕ್ತ ಕಾಣುತ್ತಿದ್ದರೆ ನಾಚಿಕೆಪಡದೆ ಹೇಳಿ. ಆಗ ಗರ್ಭಕೊರಳನ್ನು ನೋಡಲೇಬೇಕು.

ಮೆಡಿಕಲ್ ಶಾಪಿನಲ್ಲಿ ರಕ್ತ ನಿಲ್ಲುವ ಮಾತ್ರೆ ಕೊಡುತ್ತಾರೆ. ತೆಗೆದುಕೊಂಡರೆ ತಪ್ಪೇ?

ಅಲ್ಲಿ ಸಿಗುವ ಮಾತ್ರೆಗಳು ಬೇರೆ ಬೇರೆ, ಎಲ್ಲವನ್ನೂ ಒಂದೇ ಎಂದುಕೊಳ್ಳಬೇಡಿ. ಟ್ರಾನೆಕ್ಸಾಮಿಕ್ ಆಸಿಡ್ ನಿಜಕ್ಕೂ ಒಳ್ಳೆಯ ಔಷಧಿ. ಜಪಾನಿನ ಸಂಶೋಧಕಿ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಅದನ್ನು ಪ್ರಕಟಿಸಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಉಟಾಕೊ ಅವರ ಹಂಬಲವಾಗಿತ್ತು. ಈ ಔಷಧಿ ಹಾರ್ಮೋನ್ ಅಲ್ಲ. ರಕ್ತ ಜೋರಾಗಿರುವ ನಾಲ್ಕೈದು ದಿನ ಮಾತ್ರ ತೆಗೆದುಕೊಂಡರೆ ಸ್ರಾವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಲ್ಲದು. ಮೆಫೆನಾಮಿಕ್ ಆಸಿಡ್ ನೋವನ್ನೂ ಸ್ರಾವವನ್ನೂ ಸ್ವಲ್ಪ ತಗ್ಗಿಸುತ್ತದೆ. ಆದರೆ ಹಿಂದೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಆದವರು ಟ್ರಾನೆಕ್ಸಾಮಿಕ್ ಆಸಿಡ್ ಮುಟ್ಟಬಾರದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಮೆಫೆನಾಮಿಕ್ ಆಗದು. ಅದಕ್ಕೇ ಒಮ್ಮೆ ವೈದ್ಯರ ಚೀಟಿ ಬೇಕು.

ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ತಿರುಪತಿ ಯಾತ್ರೆಗೆಂದು ಮುಟ್ಟು ಮುಂದೂಡಲು ತೆಗೆದುಕೊಳ್ಳುವ ಮಾತ್ರೆ ಬೇರೆ. ಅದು ನೊರೆಥಿಸ್ಟೆರೋನ್ ಎಂಬ ಹಾರ್ಮೋನ್. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ, ಕೆಲವರಿಗೆ ಎಂದಿಗಿಂತ ಜೋರಾಗಿಯೇ ಬರುತ್ತದೆ. ವರ್ಷಕ್ಕೊಮ್ಮೆ ವೈದ್ಯರನ್ನು ಕೇಳಿ ತೆಗೆದುಕೊಳ್ಳುವುದು ಒಂದು ಮಾತು. ಪ್ರತಿ ಹಬ್ಬಕ್ಕೂ ಅಂಗಡಿಯಿಂದ ತರಿಸಿ ನುಂಗಿ, ಆಮೇಲೆ ‘ಯಾಕೋ ದಿನ ತಪ್ಪಿತು’ ಎನ್ನುವುದು ಬೇರೆ. ಹೆಣ್ಣುಮಗಳ ಮೈಗಿಂತ ಮಡಿ ದೊಡ್ಡದಲ್ಲ ಎಂದು ಮನೆಯ ಹಿರಿಯರೇ ಹೇಳಿದರೆ ಈ ಮಾತ್ರೆಯ ಪ್ರಶ್ನೆಯೇ ಏಳುವುದಿಲ್ಲ.

ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಕಾಪರ್-ಟಿಯಂತೆಯೇ?

ನೋಡಲು ಹಾಗೇ ಇದ್ದರೂ ಕೆಲಸ ತದ್ವಿರುದ್ಧ. ಕಾಪರ್-ಟಿ ರಕ್ತಸ್ರಾವ ಹೆಚ್ಚಿಸಬಹುದು. ಮಿರೇನಾ ಹೆಸರಿನಿಂದ ಹೆಚ್ಚು ಜನಕ್ಕೆ ಗೊತ್ತಿರುವ ಲೆವೊನೊರ್ಜೆಸ್ಟ್ರೆಲ್ ಸಾಧನ ಒಳಪದರವನ್ನು ತೆಳುವಾಗಿಸಿ ಸ್ರಾವವನ್ನು ಬಹುಪಾಲು ತಗ್ಗಿಸುತ್ತದೆ, ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಚೂರು ಚೂರು ರಕ್ತ ಕಾಣಿಸಿ ಬೇಸರ ತರಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಎಷ್ಟೋ ಜನ ಎರಡೇ ತಿಂಗಳಲ್ಲಿ ತೆಗೆಸಿಬಿಡುತ್ತಾರೆ. ಅಷ್ಟು ತಾಳಿಕೊಂಡವರಲ್ಲಿ ಅನೇಕರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಮುಟ್ಟು ಪೂರ್ತಿ ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬ ಭಯ ಬೇಡ. ಕಳಚಲು ಪದರವೇ ಬೆಳೆದಿರುವುದಿಲ್ಲ.

ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ ಅಂದಿದ್ದಾರೆ. ಏನು ಮಾಡಲಿ?

ಜೀವಕ್ಕೆ ಆಪತ್ತಿಲ್ಲದಿದ್ದರೆ, ಅಂದೇ ಒಪ್ಪಬೇಡಿ.

ಈ ಸಲಹೆ ನಮ್ಮಲ್ಲಿ ತೀರಾ ಸಲೀಸಾಗಿ ಸಿಗುತ್ತದೆ. 2019-21ರ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ ಮೂವರಿಗಿಂತ ಹೆಚ್ಚು ಜನರಿಗೆ ಗರ್ಭಕೋಶ ತೆಗೆಯಲಾಗಿದೆ. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಇದು ಇನ್ನೂ ಹೆಚ್ಚು. ಹೆಚ್ಚಿನವರು ಹೇಳಿದ ಕಾರಣ ವಿಪರೀತ ಸ್ರಾವ ಅಥವಾ ನೋವು, ಹೆಚ್ಚಿನ ಆಪರೇಷನ್ ಆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶ ತೆಗೆದದ್ದು 2015ರ ಹೊತ್ತಿಗೆ ಹೊರಬಂದು ಹೋರಾಟಗಳಾದವು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಇಂಥದೇ ಕಥೆ ಸುದ್ದಿಯಾಯಿತು. ಅನಗತ್ಯ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು.

ವೈದ್ಯರನ್ನು ನೇರವಾಗಿ ಕೇಳಿ. ನನ್ನ ಕಾಯಿಲೆಯ ಹೆಸರೇನು? ಸ್ಕ್ಯಾನ್, ಬಯಾಪ್ಸಿಯಲ್ಲಿ ಏನು ಬಂದಿದೆ? ಮಾತ್ರೆ ಅಥವಾ ಹಾರ್ಮೋನ್ ಸಾಧನ ನನಗೆ ಯಾಕೆ ಆಗದು? ಗಡ್ಡೆಯನ್ನಷ್ಟೇ ತೆಗೆಯಲು ಆಗುತ್ತದೆಯೇ? ಅಂಡಾಶಯವನ್ನೂ ತೆಗೆಯುತ್ತೀರಾ, ಯಾಕೆ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಚಿಕ್ಕ ವಯಸ್ಸಿನಲ್ಲಿ ಎರಡೂ ಅಂಡಾಶಯ ತೆಗೆದರೆ ಮರುದಿನದಿಂದಲೇ ಮುಟ್ಟು ನಿಂತವರ ಸ್ಥಿತಿ. ಮೈ ಬಿಸಿಯಾಗುವುದು, ಮೂಳೆ ಸವೆತ, ಹೃದ್ರೋಗದ ಅಪಾಯ ಎಲ್ಲ ಬೇಗ ಬರುತ್ತವೆ. ಉತ್ತರ ಸಮಾಧಾನ ತರದಿದ್ದರೆ ವರದಿಗಳನ್ನು ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಇನ್ನೊಬ್ಬರಿಗೆ ತೋರಿಸಿ. ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿದರಂತೂ ಇನ್ನೊಬ್ಬರ ಅಭಿಪ್ರಾಯ ಕೇಳಲೇಬೇಕು.

ಕ್ಯಾನ್ಸರ್ ಇದ್ದರೆ, ಉಳಿದ ಚಿಕಿತ್ಸೆಗಳು ಸೋತಿದ್ದರೆ, ತಿಳಿದೂ ಯೋಚಿಸಿಯೂ ನಿಮಗೇ ಇದು ಬೇಕೆನಿಸಿದರೆ ಈ ಆಪರೇಷನ್ ಸರಿಯಾದದ್ದೇ. ಬಹಳ ಜನಕ್ಕೆ ಅದರಿಂದ ಬದುಕು ಹಗುರವಾಗಿದೆ. ನಿರ್ಧಾರ ನಿಮ್ಮದಾಗಿರಬೇಕು.

ನನಗೆ 47. ‘ನಿಲ್ಲುವ ಕಾಲ, ಹಾಗೇ ಹೋಗುತ್ತದೆ’ ಅನ್ನುತ್ತಾರೆ. ನಿಜವೇ?

ದಿನ ಹಿಂದುಮುಂದಾಗುವುದು ನಿಜ. ವಿಪರೀತ ಹೋಗುವುದನ್ನು, ಮುಟ್ಟಿನ ನಡುವೆ ರಕ್ತ ಕಾಣುವುದನ್ನು ಈ ವಯಸ್ಸಿನಲ್ಲಿ ತೋರಿಸದೆ ಬಿಡಬಾರದು. ಮುಟ್ಟು ನಿಂತು ಪೂರ್ತಿ ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ಕಂಡರೂ ಆಸ್ಪತ್ರೆಗೆ ಹೋಗಿ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದ್ದರೆ ಅದು ಹೀಗೆ ಬೇಗನೆ ಸುಳಿವು ಕೊಡುತ್ತದೆ, ಬೇಗ ಕಂಡರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಅಮ್ಮ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಹೇಗೆ ಶುರು ಮಾಡಲಿ?

ಸ್ಕ್ಯಾನ್, ಬಯಾಪ್ಸಿ ಎಂದೆಲ್ಲ ಮೊದಲೇ ಹೇಳಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೊಗ್ಲೋಬಿನ್ ಒಂದನ್ನೇ ಮಾಡಿಸೋಣ ಬಾ ಎಂದು ಕರೆಯಿರಿ. 7 ಎಂಬ ಅಂಕಿ ಚೀಟಿಯಲ್ಲಿ ಕಂಡ ಮೇಲೆ ಮನೆಯ ಗಂಡಸರೂ ಸುಮ್ಮನಿರಲಾರರು. ಬರಲೇ ಒಪ್ಪದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಅವರನ್ನೇ ಮಾತಾಡಿಸಿ. ಲೇಡಿ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಆಶಾ ಅಕ್ಕನನ್ನು ಕೇಳಿಟ್ಟುಕೊಳ್ಳಿ. ಕಳೆದ ಎರಡು ಮೂರು ಮುಟ್ಟು ಎಂದು ಶುರುವಾಯಿತು, ಎಂದು ನಿಂತಿತು, ಜೋರಿದ್ದ ದಿನ ಎಷ್ಟು ಪ್ಯಾಡ್ ಅಥವಾ ಬಟ್ಟೆ ಬೇಕಾಯಿತು, ಹೆಪ್ಪು ಬಿದ್ದಿತೇ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಇಷ್ಟನ್ನು ಕ್ಯಾಲೆಂಡರಿನ ಮೇಲೋ ಮೊಬೈಲಿನಲ್ಲೋ ಗುರುತು ಹಾಕಿ ಜೊತೆಗೆ ಒಯ್ಯಿರಿ. ವೈದ್ಯರ ಮುಂದೆ ಅಮ್ಮ ‘ಏನಿಲ್ಲ, ಸ್ವಲ್ಪ ಸುಸ್ತು’ ಎಂದರೆ ಆ ಚೀಟಿಯನ್ನು ನೀವೇ ಓದಿ ಹೇಳಿ.